ಸುಳಿವು ಕೊಟ್ಟವರು ಯಾರು?

ಸಹೋದರಿಯರೇ, ಕೆರಗೋಡಿನಂಥ ಊರಿನಲ್ಲಿ ಯಾರು ಯಾರ ಮನೆಗೆ ಹೋದರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಹೀಗಿರುವಾಗ ಗಾಂಜಾ ಮಾರುವವನನ್ನು ಕಂಡ ತಾಯಿ ಠಾಣೆಗೆ ತಿಳಿಸಲು ಹೆದರುವುದು ಸಹಜ. ಗಿರಾಕಿಯ ಸೋಗಿನಲ್ಲಿ ಹೋಗುವ ಮಫ್ತಿ ಪೊಲೀಸರಿಗೂ ಮೊದಲ ಸುಳಿವು ಬೇಕಲ್ಲ! 1985ರ ಮಾದಕ ವಸ್ತು ಕಾಯ್ದೆಯ 68ನೇ ಕಲಮಿನಂತೆ, ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಬಲವಂತಪಡಿಸುವಂತಿಲ್ಲ. 2024ರಲ್ಲಿ ಆರಂಭವಾದ 1933 ಸಹಾಯವಾಣಿಗೆ ಹೆಸರು ಹೇಳದೆಯೂ ತಿಳಿಸಬಹುದು. ಹಗೆ ತೀರಿಸಲು ಸುಳ್ಳು ಹೇಳಿ ಯಾರನ್ನಾದರೂ ಬಂಧಿಸುವಂತೆ ಮಾಡಿದರೆ ಮಾತ್ರ 2 ವರ್ಷದವರೆಗೆ ಜೈಲಾಗಬಹುದು.

ಆದರೆ ಕೊಳ್ಳುವವನು ನಿಮ್ಮ ಮಗನೇ ಆಗಿದ್ದರೆ? ತಾಯಿಯ ನಾಲಿಗೆ ಕಟ್ಟುವುದು ಇಲ್ಲೇ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಮೊಕದ್ದಮೆಗೊಳಗಾದ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಕಲಂ ಅವನನ್ನು ಮೊಕದ್ದಮೆಯಿಂದ ಕಾಯುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು.