ಆಸ್ಪತ್ರೆಯಿಂದ ಬಂದವರು ಮತ್ತೆ ಆಸ್ಪತ್ರೆಗೇಕೆ?

ಹೃದಯ ವೈಫಲ್ಯದಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಮನೆಯ ಹಿರಿಯರು ಮರಳಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಕಾಲಿನ ಬಾವು ಇಳಿದಿದೆ, ಉಬ್ಬಸವಿಲ್ಲ, ನೆಂಟರು ನೋಡಿ ಹೋಗುತ್ತಿದ್ದಾರೆ. ಮೂರನೇ ವಾರ ನಡುರಾತ್ರಿ ಅವರು ಉಸಿರು ಸಿಗದೆ ಎದ್ದು ಕೂರುತ್ತಾರೆ. ಅತ್ತಿವೇರಿಯಂತಹ ಊರಿನಿಂದ ಹುಬ್ಬಳ್ಳಿ ಸುಮಾರು 40 ಕಿ.ಮೀ. ದೂರ. ಆ ಹೊತ್ತಿನಲ್ಲಿ ವಾಹನ ಹುಡುಕುವ ಪಾಡು ಮುಂಡಗೋಡ ಕಡೆಯವರಿಗೆ ಗೊತ್ತೇ ಇದೆ.

ಇದು ನಿಮ್ಮ ಮನೆಯ ಕತೆ ಮಾತ್ರವಲ್ಲ. ಅಮೆರಿಕದಲ್ಲಿ ಈ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ ವೃದ್ಧರಲ್ಲಿ ಸುಮಾರು ಐವರಲ್ಲೊಬ್ಬರು ತಿಂಗಳೊಳಗೆ ಮತ್ತೆ ದಾಖಲಾಗುತ್ತಾರೆ. ಹೀಗೆ ಮರಳುವವರು ಮಿತಿಮೀರಿದ ಆಸ್ಪತ್ರೆಗಳಿಗೆ ಅಲ್ಲಿನ ಸರಕಾರ 2012ರಿಂದ ಹಣ ಕಡಿತ ಮಾಡುತ್ತಿದೆ. ನಮ್ಮಲ್ಲಿ ಕಾಯಿಲೆ ಬೇಗನೇ ಬರುತ್ತದೆ. 2013ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಇಂತಹ 1,205 ರೋಗಿಗಳ ವಿವರ ಸಂಗ್ರಹಿಸಿದಾಗ ಅವರ ಸರಾಸರಿ ವಯಸ್ಸು ಸುಮಾರು 61 ಇತ್ತು.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಯಿತೆಂದಲ್ಲ. ಪಂಪು ಸೋತಿದೆ, ಅಷ್ಟೇ. ಆಗ ಮೂತ್ರಪಿಂಡಗಳು ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನೀರನ್ನು ತೆಗೆದು ಕಳಿಸುತ್ತಾರೆಯೇ ಹೊರತು ಪಂಪು ಹೊಸದಾಗಿರುವುದಿಲ್ಲ. “ಈಗ ಹುಷಾರಾಗಿದ್ದೇನೆ, ಪದೇ ಪದೇ ಮೂತ್ರಕ್ಕೆ ಏಳಲಾರೆ” ಎಂದು ಅವರು ಮೂತ್ರದ ಮಾತ್ರೆ ಬಿಟ್ಟರೆ ನೀರು ಮತ್ತೆ ತುಂಬುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ತುಂಬಿಸುವುದೂ ಅದನ್ನೇ. ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ ಬಡಿಸಿದರೆ ಪ್ರಯೋಜನವಿಲ್ಲ. ಸೊಂಟನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೂ ದೇಹದಲ್ಲಿ ನೀರು ನಿಲ್ಲಿಸುತ್ತವೆ. ಇದು ಬಹಳ ಮನೆಗಳಿಗೆ ತಿಳಿದಿಲ್ಲ.

ಹಾಗೆಂದು ಎಲ್ಲಕ್ಕೂ ಅಡುಗೆ ಮಾಡುವ ಸೊಸೆಯ ಮೇಲೆ ಗೂಬೆ ಕೂರಿಸಬೇಡಿ. ನ್ಯುಮೋನಿಯಾ, ರಕ್ತಹೀನತೆ, ಹೃದಯ ಬಡಿತದ ಏರುಪೇರು, ಮೂತ್ರಪಿಂಡದ ತೊಂದರೆಯೂ ಕಾರಣವಾಗುತ್ತವೆ. ಒಮ್ಮೊಮ್ಮೆ ನೀರು ಪೂರ್ತಿ ಇಳಿಯುವ ಮೊದಲೇ ಮನೆಗೆ ಕಳಿಸಿರುತ್ತಾರೆ.

ನೀವು ಮಾಡಬಹುದಾದ ದೊಡ್ಡ ಕೆಲಸಕ್ಕೆ ಒಂದು ತೂಕದ ಯಂತ್ರ ಸಾಕು. ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮೈ ಕೈ ತುಂಬಿಕೊಂಡದ್ದಲ್ಲ, ನೀರು. ಉಬ್ಬಸ ಬರುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಮಲಗಲು ಹೆಚ್ಚು ದಿಂಬು ಕೇಳತೊಡಗಿದರೂ ಅದೇ ಸೂಚನೆ.

ರಮಝಾನಿನಲ್ಲಿ ಹಿರಿಯರು ಉಪವಾಸಕ್ಕೆ ಹಟ ಹಿಡಿಯುವುದುಂಟು. ರೋಗಿಗಳಿಗೆ ವಿನಾಯಿತಿ ಇದೆಯೆಂದು ಅವರಿಗೂ ಗೊತ್ತು, ಆದರೂ ಮನಸ್ಸು ಒಪ್ಪುವುದಿಲ್ಲ. ಮಾತ್ರೆಯ ಹೊತ್ತನ್ನು ಸಹರಿ, ಇಫ್ತಾರಿಗೆ ನೀವೇ ಬದಲಿಸಬೇಡಿ. ತಿಂಗಳು ಶುರುವಾಗುವ ಮೊದಲೇ ವೈದ್ಯರ ಬಳಿ ಕರೆದೊಯ್ದು, ಅವರೆದುರಿಗೇ ಕೇಳಿಸಿ.

ಬಿಡುಗಡೆಯಾದ ಒಂದೆರಡು ವಾರದೊಳಗಿನ ಮೊದಲ ತಪಾಸಣೆಯನ್ನೇ ಬಹಳಷ್ಟು ಮಂದಿ ತಪ್ಪಿಸುತ್ತಾರೆ. ರೋಗಿ ಚೆನ್ನಾಗಿ ಕಾಣುತ್ತಾರೆ, ಮಗನ ಒಂದು ದಿನದ ಕೂಲಿ ಹೋಗುತ್ತದೆ. ಆದರೂ ಹೋಗಿ. ಡಿಸ್ಚಾರ್ಜ್ ಚೀಟಿ, ತೂಕ ಬರೆದ ಪುಸ್ತಕ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಸೊಂಟನೋವಿನದ್ದೂ ಸೇರಿ.