ಅತ್ತೆಗೂ ಸೊಸೆಗೂ ಒಂದೇ ಶಾಲೆ

ಮಗಳಿಗೆ ಜ್ವರ, ಇವತ್ತು ಶಾಲೆಗೆ ಬರುವುದಿಲ್ಲ ಎಂದು ತಿಳಿಸಬೇಕು. ಫೋನ್ ಮಾಡಿದರೆ ಆ ಕಡೆ ಮನುಷ್ಯರಿಲ್ಲ. ಬೀಪ್ ಆದ ಮೇಲೆ ಮಗುವಿನ ಹೆಸರು, ತರಗತಿ, ಬರದಿರಲು ಕಾರಣ, ನಮ್ಮ ನಂಬರು, ಎಲ್ಲವನ್ನೂ ತಡವರಿಸದೆ ಹೇಳಿ ಮುಗಿಸಬೇಕು. ಕೆನಡಾದ ‘ಲಿಂಕ್’ ತರಗತಿಗಳಲ್ಲಿ ಇದೇ ಪಾಠ, ಇದೇ ಪರೀಕ್ಷೆ.

ಲಿಂಕ್ ಎಂದರೆ ಲ್ಯಾಂಗ್ವೇಜ್ ಇನ್‌ಸ್ಟ್ರಕ್ಷನ್ ಫಾರ್ ನ್ಯೂಕಮರ್ಸ್ ಟು ಕೆನಡಾ. ವಯಸ್ಕ ವಲಸಿಗರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ 1992ರಲ್ಲಿ ಶುರುಮಾಡಿದ ಯೋಜನೆ. ಕಾಯಂ ನಿವಾಸಿಗಳಿಗೂ ಆಶ್ರಯ ಪಡೆದ ನಿರಾಶ್ರಿತರಿಗೂ ಕಲಿಕೆ ಉಚಿತ. ಹಲವು ಕೇಂದ್ರಗಳಲ್ಲಿ, ತಾಯಿ ಪಾಠ ಕೇಳುವಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವ ಏರ್ಪಾಡೂ ಇದೆ. ನನ್ನನ್ನು ಕೇಳಿದರೆ ಇಡೀ ಯೋಜನೆಯಲ್ಲಿ ಬುದ್ಧಿವಂತಿಕೆಯ ಭಾಗ ಇದೇ. ಇದಿಲ್ಲದಿದ್ದರೆ ಎಷ್ಟೋ ಹೆಂಗಸರು ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ.

ತರಗತಿಗೆ ಸೇರುವ ಮೊದಲು ಮಟ್ಟ ಅಳೆಯುತ್ತಾರೆ. ಟೊರಾಂಟೊ ಸುತ್ತಮುತ್ತ ಈ ಕೆಲಸ ಮಾಡುವ ಸಂಸ್ಥೆಗಳಲ್ಲಿ ವೈಎಂಸಿಎ ಒಂದು. ಇಲ್ಲಿ ಪಾಸು, ಫೇಲು ಇಲ್ಲ. ಎದುರು ಕೂತವರು ಹೆಸರು, ಊರು, ಮನೆಮಂದಿ ಎಂದು ಮಾತು ತೆಗೆಯುತ್ತಾರೆ. ಉತ್ತರ ಸಲೀಸಾಗಿ ಬಂದರೆ ಪ್ರಶ್ನೆ ಒಂದು ಮೆಟ್ಟಿಲು ಮೇಲೇರುತ್ತದೆ. ಮಾತು ಎಲ್ಲಿ ತಡೆಯಿತೋ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಓದಲು, ಬರೆಯಲು ಕೊಡುತ್ತಾರೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕಕ್ಕೂ ಬೇರೆಬೇರೆ ಮಟ್ಟ. ಇಂಗ್ಲಿಷನ್ನು ಗ್ರಾಮರ್ ಪುಸ್ತಕದಿಂದಲೇ ಕಲಿತ ನಮ್ಮ ಪದವೀಧರರು ಸಿಕ್ಕಿಬೀಳುವುದು ಇಲ್ಲಿಯೇ. ಓದುವುದರಲ್ಲಿ ಮೇಲಿನ ಮೆಟ್ಟಿಲು, ಮಾತಿನಲ್ಲಿ ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ! ತಮ್ಮ ಭಾಷೆಯಲ್ಲೂ ಅಕ್ಷರ ಕಲಿಯದೆ ಬಂದವರಿಗೆ ಅಳತೆಯೂ ಬೇರೆ, ತರಗತಿಯೂ ಬೇರೆ. ಅಲ್ಲಿ ಪೆನ್ಸಿಲ್ ಹಿಡಿಯುವುದರಿಂದ ಪಾಠ ಆರಂಭ.

ಈ ಅಳತೆಗೋಲಿನ ಹೆಸರು ‘ಕೆನಡಿಯನ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್ಸ್’. 1996ರಲ್ಲಿ ಮೊದಲು ಹೊರಬಂತು, 2012ರಲ್ಲಿ ಪರಿಷ್ಕಾರವಾಯಿತು. ಒಟ್ಟು 12 ಮಟ್ಟ. ಕಾಲವಾಚಕ ಗೊತ್ತೇ, ಪ್ರಿಪೊಸಿಷನ್ ಸರಿಯಿದೆಯೇ ಎಂಬ ಲೆಕ್ಕಕ್ಕಿಂತ ಈ ಮನುಷ್ಯ ಏನು ಮಾಡಿಕೊಳ್ಳಬಲ್ಲ ಎಂಬುದೇ ಇಲ್ಲಿ ಮುಖ್ಯ. ಡಾಕ್ಟರ ಬಳಿ ನೋವು ಎಲ್ಲಿದೆ ಎಂದು ಹೇಳಬಲ್ಲರೇ? ಹೀಟರ್ ಕೆಟ್ಟಿದೆ ಎಂದು ಮನೆ ಮಾಲೀಕರಿಗೆ ಎರಡು ಸಾಲು ಬರೆಯಬಲ್ಲರೇ? ಕೆಲಸದ ಜಾಗದಲ್ಲಿ ರಜೆ ಕೇಳಬಲ್ಲರೇ?

ತರಗತಿಯಲ್ಲಿ ಮಾಡಿದ ಇಂಥ ಕೆಲಸಗಳ ಹಾಳೆಗಳು ಒಂದು ಬೈಂಡರಿನಲ್ಲಿ ಸೇರುತ್ತ ಹೋಗುತ್ತವೆ. ಅದನ್ನು ನೋಡಿ ಶಿಕ್ಷಕರು ಮುಂದಿನ ಮಟ್ಟಕ್ಕೆ ದಾಟಿಸುತ್ತಾರೆ. ಕೇಳಲು ಚಂದ. ಆದರೆ ಪಾಠಕ್ಕಿಂತ ಕಾಗದದ ಕೆಲಸವೇ ಹೆಚ್ಚಾಯಿತು ಎಂದು ಶಿಕ್ಷಕರು ಗೊಣಗಿದ್ದೂ ಉಂಟು. ಮೌಲ್ಯಮಾಪನದ ಫಾರಂ ತುಂಬಿಸಿದ ಅನುಭವವಿರುವ ನಮ್ಮ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೌರತ್ವ ಕೇಳುವವರು 18ರಿಂದ 54 ವರ್ಷದೊಳಗಿದ್ದರೆ ಕೇಳುವುದರಲ್ಲೂ ಮಾತಿನಲ್ಲೂ 4ನೇ ಮಟ್ಟ ಮುಟ್ಟಿರಬೇಕು. ಅದಕ್ಕೆ ಲಿಂಕ್ ಪ್ರಮಾಣಪತ್ರ ನಡೆಯುತ್ತದೆ. ಗಂಡನ ಹಿಂದೆ ಹೋದ ಸೊಸೆಗೆ ಇದು ಉಪಯೋಗದ ಮಾತು. ಮಗ ಕರೆಸಿಕೊಂಡ, ಅರವತ್ತು ದಾಟಿದ ಅತ್ತೆಗೆ ಆ ಪತ್ರ ಬೇಕಿಲ್ಲ. ಹಾಗಿದ್ದೂ ಅವರೇ ಮೊದಲು ಹೋಗಬೇಕು ಅನ್ನುತ್ತೇನೆ. ಮಗ, ಸೊಸೆ ಕೆಲಸಕ್ಕೆ ಹೊರಟ ಮೇಲೆ, ಹೊರಗೆ ಹಿಮ ಬೀಳುವ ಆ ಮನೆಯಲ್ಲಿ ಒಬ್ಬರೇ ಉಳಿಯುವವರು ಅವರು. 911ಕ್ಕೆ ಕರೆ ಮಾಡಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಈ ಮೂರರಲ್ಲಿ ಯಾವುದು ಬೇಕೆಂದು ಹೇಳಿ, ವಿಳಾಸ ಕೊಡುವಷ್ಟು ಇಂಗ್ಲಿಷ್ ಅವರಿಗೇ ಹೆಚ್ಚು ಬೇಕು.

ಮಕ್ಕಳು ಅಲ್ಲಿರುವ ಓದುಗರು ಎರಡು ಸಂಗತಿ ನೆನಪಿಟ್ಟುಕೊಳ್ಳಬೇಕು. ಸೂಪರ್ ವೀಸಾದಲ್ಲಿ ಹೋಗಿರುವ ತಂದೆತಾಯಿ ಲೆಕ್ಕಕ್ಕೆ ಸಂದರ್ಶಕರು, ಅವರಿಗೆ ಲಿಂಕ್ ಇಲ್ಲ. ಪೌರತ್ವ ಸಿಕ್ಕ ಮೇಲೂ ಈ ಸೌಲಭ್ಯ ಇಲ್ಲ. ಸೇರುವುದಾದರೆ ಕಾಯಂ ನಿವಾಸಿಯಾಗಿರುವಾಗಲೇ ಸೇರಬೇಕು.