ಬಿದಿರಿಗೆ ಬಣ್ಣ: ನಂಬಿಕೆ ಯಾವುದು, ನಿಜ ಯಾವುದು

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆ ಮೇದಾರರು ಹೆಣೆದ ಬುಟ್ಟಿ, ಮೊರ, ತೊಟ್ಟಿಲು ಎಲ್ಲರಿಗೂ ಗೊತ್ತು. ಇವಕ್ಕೆ ಬಳಿದ ಬಣ್ಣ ನಾಲ್ಕು ದಿನಕ್ಕೇ ಸುಲಿದರೆ ಡಬ್ಬಿಯನ್ನು ಬೈಯುತ್ತೇವೆ. ಆದರೆ ಬಹುಪಾಲು ತಪ್ಪು ನಡೆದಿರುವುದು ಡಬ್ಬಿ ತೆರೆಯುವ ಮೊದಲೇ.

ತಪ್ಪು ಕಲ್ಪನೆ: ಬಿದಿರು ನುಣುಪಾಗಿದ್ದಷ್ಟೂ ಬಣ್ಣ ಚೆನ್ನಾಗಿ ಕೂರುತ್ತದೆ.
ಸತ್ಯ: ಆ ಹೊಳಪು ಮೇಲ್ಸಿಪ್ಪೆಯ ಮೇಣದ್ದು. ಅದರ ಜೊತೆ ಗಟ್ಟಿ ಸಿಲಿಕಾ ಕೂಡ ಇರುತ್ತದೆ. ಅಲ್ಲಿ ಬಣ್ಣಕ್ಕೆ ಹಿಡಿತ ಸಿಗದು. ಚಾಕುವಿನಿಂದ ಸಿಪ್ಪೆಯನ್ನು ತೆಳುವಾಗಿ ಕೆರೆದು, 120ನೇ ನಂಬರಿನ, ಆಮೇಲೆ 180ರ ಸ್ಯಾಂಡ್‌ಪೇಪರಿನಿಂದ ನಾರಿನ ಉದ್ದಕ್ಕೆ ಉಜ್ಜಿ, ಧೂಳು ಒರೆಸಬೇಕು. ಒಂದು ಹನಿ ನೀರು ಹಾಕಿ ನೋಡಿ: ಮಣಿಯಂತೆ ನಿಂತರೆ ಮೇಣ ಉಳಿದಿದೆ, ಹರಡಿದರೆ ಹೋಗಿದೆ. ಬಿದಿರಿನ ಗಟ್ಟಿ ನಾರು ಹೊರಮೈ ಕಡೆಗೇ ದಟ್ಟವಾಗಿರುವುದರಿಂದ ಆಳವಾಗಿ ಕೆರೆಯಬಾರದು.

ತಪ್ಪು ಕಲ್ಪನೆ: ಮರದಂತೆ ಬಿದಿರೂ ವಾರ್ನಿಶ್ ಹೀರುತ್ತದೆ.
ಸತ್ಯ: ಮರದಲ್ಲಿ ಅಡ್ಡಕ್ಕೆ ರಸ ಸಾಗಿಸುವ ಕೋಶಗಳ ಸಾಲುಗಳಿವೆ, ಬಿದಿರಿನಲ್ಲಿ ಇಲ್ಲ. ದ್ರವ ಮುಖ್ಯವಾಗಿ ಕತ್ತರಿಸಿದ ತುದಿಗಳಿಂದ ಒಳಗಿಳಿಯುತ್ತದೆ. ಆದ್ದರಿಂದ ಎಣ್ಣೆ ವಾರ್ನಿಶ್ಶಿನ ಮೊದಲ ಕೋಟನ್ನು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಬಳಿಯಿರಿ. ಒಣಗಿದ ಮೇಲೆ ಮೆಲ್ಲಗೆ ಉಜ್ಜಿ ಮುಂದಿನ ಕೋಟು ಕೊಡಿ.

ತಪ್ಪು ಕಲ್ಪನೆ: ಹಸಿರು ಹೋಗಿ ಹಳದಿಯಾದರೆ ಬಿದಿರು ಒಣಗಿತು.
ಸತ್ಯ: ಗಣ್ಣುಗಳಲ್ಲೂ ದಪ್ಪ ಗೋಡೆಯಲ್ಲೂ ತೇವ ಉಳಿದೇ ಇರುತ್ತದೆ. ಅದು ಹೊರಬರುವಾಗ ಬಣ್ಣ ಗುಳ್ಳೆಯೇಳುತ್ತದೆ. ನೆರಳಲ್ಲಿ ಗಾಳಿಯಾಡುವಂತೆ ಒಣಗಿಸಿ. ಸುಡುಬಿಸಿಲಿಗೆ ಇಟ್ಟರೆ ಸೀಳುತ್ತದೆ. ಆಗಾಗ ತೂಗಿ ನೋಡಿ. ತೂಕ ಇಳಿಯುವುದು ನಿಂತಾಗ ಬಣ್ಣಕ್ಕೆ ಹದ.

ತಪ್ಪು ಕಲ್ಪನೆ: ವಾರ್ನಿಶ್ ಹೊಡೆದರೆ ಹುಳು ಹಿಡಿಯದು.
ಸತ್ಯ: ಕೊರೆಯುವ ಹುಳುವಿಗೆ ಬೇಕಾದದ್ದು ಒಳಗಿನ ಪಿಷ್ಟ. ಮೇಲಿನ ಪೊರೆ ಅದನ್ನು ಪೂರ್ತಿ ತಡೆಯಲಾರದು. ದಬ್ಬೆಗಳನ್ನು ಮೊದಲು ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ, ಮೇಲೆ ಕೂತ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಗಿಸಿ. ಉಪ್ಪು ಉಳಿದರೆ ಬಣ್ಣ ಕಚ್ಚುವುದಿಲ್ಲ. ಕಾಳು ಕೇರುವ ಮೊರಕ್ಕೆ, ಊಟದ ಬುಟ್ಟಿಗೆ ಮಾತ್ರ ಈ ಮದ್ದೂ ಬೇಡ, ವಾರ್ನಿಶ್ಶೂ ಬೇಡ.

ತಪ್ಪು ಕಲ್ಪನೆ: ಮೊರಕ್ಕೆ ಮೆಂತ್ಯದ ಹಿಟ್ಟು ಬಳಿಯುವುದು ಬರೀ ಹಳೇ ರೂಢಿ.
ಸತ್ಯ: ನೆನೆಸಿ ರುಬ್ಬಿದ ಮೆಂತ್ಯದ ಲೋಳೆ ಒಳ್ಳೆಯ ಅಂಟು. ಹೆಣಿಗೆಯ ಸಂದುಗಳಲ್ಲಿ ಇಳಿದು ಒಣಗಿ ಅಲ್ಲೇ ಹಿಡಿದು ನಿಲ್ಲುತ್ತದೆ, ಸಣ್ಣ ಕಾಳು ಸೋರದಂತೆ ತಡೆಯುತ್ತದೆ.

ಬಣ್ಣ ಹಚ್ಚುವ ಉದ್ದೇಶವಿದ್ದರೆ ಹೆಣೆಯುವ ಮೊದಲೇ ಮೇದಾರರಿಗೆ ಹೇಳಿ. ಹೆಣೆದ ಮೇಲೆ ಸಂದುಗಳ ಸಿಪ್ಪೆಗೆ ಚಾಕು ತಾಗದು. ಕೆರೆಯುವ ಆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿಯನ್ನೂ ಕೊಡಿ.